ಮಳೆ ನಿಂತ ಮೇಲೆ ಬೀದರ್: ಎಲ್ಲಿ ನಡೆಯಬೇಕು, ಎಲ್ಲಿ ನಿಂತು ನೋಡಬೇಕು

ದಸರೆ ಹತ್ತಿರ ಬಂತು ಅಂದರೆ ಸಾಕು, ಅದೇ ಪ್ರಶ್ನೆ ಶುರುವಾಗುತ್ತದೆ. "ಬೀದರಿಗೆ ಬರ್ತಾ ಇದ್ದೀವಿ, ಕೋಟೆ ಬಿಟ್ಟು ಬೇರೆ ಏನಿದೆ? ನಡೆಯೋಕೆ ಒಳ್ಳೆ ಜಾಗ, ವ್ಯೂ ಪಾಯಿಂಟ್ ಏನಾದರೂ ಇದೆಯಾ?"

ಇದೆ, ಜಾಸ್ತಿಯೇ ಇದೆ. ಆದರೆ ಮಡಿಕೇರಿಯಲ್ಲಿ ಹುಡುಕಿದ ಹಾಗೆ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೀದರಿನಲ್ಲಿ ಬೆಟ್ಟ ಹತ್ತುವ ಕೆಲಸವೇ ಇಲ್ಲ. ಊರೇ ಎತ್ತರದಲ್ಲಿದೆ, ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್. ಕೆಂಪು ಕಲ್ಲಿನ ಸಪಾಟು ನೆಲ, ಅದರ ಅಂಚಿನಲ್ಲಿ ಕೋಟೆ, ಆಚೆಗೆ ಒಮ್ಮೆಲೇ ಇಳಿಜಾರು, ಕೆಳಗೆ ಮಾಂಜ್ರಾ ನದಿ ಕಡೆಗೆ ಹರಡಿಕೊಂಡ ಹೊಲಗಳು. ಬಸ್ಸಿನಿಂದ ಇಳಿದಾಗಲೇ ನೀವು ಮೇಲಿರುತ್ತೀರಿ. ಅಲ್ಲಿಂದ ಅಂಚಿಗೆ ನಡೆದು ಹೋಗಬೇಕು, ಅಷ್ಟೇ. ಊರಿನ ನಡುವೆ ಅಂಗಡಿ ಬೀದಿಯಲ್ಲೇ ಸುತ್ತಿ "ಎಲ್ಲಾ ಸಪಾಟು, ನೋಡೋಕೆ ಏನೂ ಇಲ್ಲ" ಅಂತ ವಾಪಸ್ ಹೋಗುವವರು ತುಂಬ ಜನ. ಅದನ್ನು ಕೇಳಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದು ಇಡುತ್ತಿದ್ದೇನೆ.

1. ಮೊದಲು ದಿನ ಆರಿಸಿ

ಎಲೆ ಕೆಂಪಾಗುವುದು, ಉದುರುವುದು, ಆ ಥರದ ಶರತ್ಕಾಲ ಇಲ್ಲಿಲ್ಲ. ಇಲ್ಲಿ ಬಣ್ಣ ಬದಲಾಗುವುದು ಹೊಲದಲ್ಲಿ, ಹುಲ್ಲಿನಲ್ಲಿ. ಸೆಪ್ಟೆಂಬರ್ ಕೊನೆಗೆ ಎಲ್ಲವೂ ಹಸಿರು. ಅಕ್ಟೋಬರಿನಲ್ಲಿ ಸೋಯಾ ಕೊಯ್ಲು ನಡೆಯುತ್ತದೆ, ದಾರಿ ಬದಿಯಲ್ಲಿ ತಂಗಡಿ ಗಿಡ ಹಳದಿ ಹೂ ಬಿಟ್ಟಿರುತ್ತದೆ. ಆಮೇಲೆ ತೊಗರಿ ಹೂ ಬಿಡುತ್ತದೆ, ಖಾಲಿ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಏಳುತ್ತವೆ. ನವೆಂಬರ್ ಮುಗಿಯುವ ಹೊತ್ತಿಗೆ ಹುಲ್ಲೆಲ್ಲ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ.

ಶೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆವರೆಗೆ, ಅಂದರೆ ಹೆಚ್ಚೂಕಡಿಮೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆವರೆಗೆ, ಯಾವಾಗ ಬಂದರೂ ನಡೆಯಬಹುದು. ಒಂದೇ ವಾರ ಹೇಳಿ ಅಂದರೆ ದೀಪಾವಳಿ ಆದ ಮೇಲಿನ ವಾರ ಅನ್ನುತ್ತೇನೆ. ಮಳೆ ಹೋಗಿರುತ್ತದೆ, ಝರಗಳಲ್ಲಿ ನೀರು ಇನ್ನೂ ಇರುತ್ತದೆ, ಚಳಿ ಆಗಷ್ಟೇ ಹತ್ತಿಕೊಂಡಿರುತ್ತದೆ.

ಅಕ್ಟೋಬರ್ ಮೊದಲ ಎರಡು ವಾರ ಬರುವವರಿಗೆ ಒಂದು ಎಚ್ಚರಿಕೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಇದು ಬಯಲು, ಇಲ್ಲಿ ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಕಾಶ ಕಪ್ಪಾದರೆ ಬುರುಜಿನ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೆಳಗಿಳಿದು ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ.

2. ಚೀಲಕ್ಕೆ ಏನು ಹಾಕಿಕೊಳ್ಳಬೇಕು

ದೊಡ್ಡ ತಯಾರಿ ಬೇಡ. ಹಿಡಿತ ಇರುವ ಬೂಟು ಬೇಕೇ ಬೇಕು, ಚಪ್ಪಲಿ ನಡೆಯುವುದಿಲ್ಲ. ಜಂಬಿಟ್ಟಿಗೆ ಕಲ್ಲು (ತೂತು ತೂತಾಗಿರುವ ಕೆಂಪು ಕಲ್ಲು, ಬೀದರಿನ ನೆಲ ಪೂರ್ತಿ ಇದೇ) ಒಣಗಿದಾಗ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ, ಪಾಚಿ ಕಟ್ಟಿದರೆ ಜಾರುತ್ತದೆ. ಪ್ಯಾಂಟು ಉದ್ದದ್ದಿರಲಿ. ನವೆಂಬರಿನಲ್ಲಿ ಹುಲ್ಲಿನ ಊಬು ಸಾಕ್ಸಿಗೆ ಚುಚ್ಚಿಕೊಂಡರೆ ಸಂಜೆ ಒಂದೊಂದಾಗಿ ಕೀಳುತ್ತ ಕೂರಬೇಕಾಗುತ್ತದೆ, ಹಾಗಾಗಿ ದಪ್ಪ ಉಣ್ಣೆ ಸಾಕ್ಸ್ ಬೇಡ, ನಯವಾದ ಬಟ್ಟೆಯದು ವಾಸಿ.

ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಟಾರ್ಚು, ತಲೆಗೆ ಕಟ್ಟಲು ಒಂದು ಕರ್ಚೀಫು ಅಥವಾ ಟವೆಲು. ಕೊನೆಯದು ಯಾಕೆ ಅಂತ ಮುಂದೆ ಹೇಳುತ್ತೇನೆ. ಬೆಳಿಗ್ಗೆ ಬೇಗ ಹೊರಡುವವರು ಸ್ವೆಟರ್ ತರಲಿ. "ಕಲಬುರಗಿ ಕಡೆ ಬಿಸಿಲು" ಅಂತ ತಿಳಿದು ತೆಳ್ಳನೆ ಅಂಗಿಯಲ್ಲಿ ಬಂದವರು ಡಿಸೆಂಬರ್ ಬೆಳಿಗ್ಗೆ ಗಡಗಡ ನಡುಗುತ್ತಾರೆ. ರಾಜ್ಯದಲ್ಲಿ ಚಳಿ ಜೋರಾಗಿರುವ ಊರುಗಳಲ್ಲಿ ಬೀದರ್ ಒಂದು.

ಹೊತ್ತಿನ ಲೆಕ್ಕ: ಅಕ್ಟೋಬರ್ ನಡುವೆ ಸೂರ್ಯ ಹುಟ್ಟುವುದು 6:10ರ ಆಸುಪಾಸು, ಡಿಸೆಂಬರ್ ಕೊನೆಗೆ 6:45 ದಾಟುತ್ತದೆ. ಸಂಜೆ ಮಾತ್ರ ಬೇಗ ಮುಗಿಯುತ್ತದೆ, ನವೆಂಬರಿನಲ್ಲಿ 5:45ಕ್ಕೆಲ್ಲ ಸೂರ್ಯ ಇಳಿದಿರುತ್ತಾನೆ. ಬಹಳ ಜನ ಯೋಜನೆ ಹಾಕುವಾಗ ಎಡವುವುದು ಇಲ್ಲೇ. ನಾಲ್ಕೂವರೆಗೆ ಚಹಾ ಕುಡಿದು ನಿಧಾನಕ್ಕೆ ಹೊರಟರೆ ತಲುಪುವಷ್ಟರಲ್ಲಿ ಕತ್ತಲೆ.

3. ಮೊದಲ ನಡಿಗೆ: ಚೌಬಾರಾದಿಂದ ಕೋಟೆಯ ಅಂಚಿಗೆ

ಇದನ್ನು ಮೊದಲ ದಿನವೇ ಮಾಡಿ, ಊರಿನ ನಕ್ಷೆ ತಲೆಯಲ್ಲಿ ಕೂರುತ್ತದೆ.

ಚೌಬಾರಾ ಅಂದರೆ ಹಳೇ ಊರಿನ ನಡುವೆ, ನಾಲ್ಕು ರಸ್ತೆ ಕೂಡುವಲ್ಲಿ ಇರುವ ದುಂಡನೆ ಕಾವಲು ಗೋಪುರ, ಸುಮಾರು 22 ಮೀಟರ್ ಎತ್ತರ. ಅಲ್ಲಿಂದ ಕೋಟೆ ಕಡೆ ನಡೆಯಿರಿ. ದಾರಿಯಲ್ಲಿ ಬಿದ್ರಿ (ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಕುಸುರಿ) ಅಂಗಡಿಗಳು ಸಿಗುತ್ತವೆ, ಆಮೇಲೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ. 1472ರ ಕಟ್ಟಡ, 1696ರಲ್ಲಿ ಮದ್ದು ಸಿಡಿದು ಅರ್ಧ ಹೋಯಿತು. ಉಳಿದ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇನ್ನೂ ಅಂಟಿಕೊಂಡಿವೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ನೀಲಿ ಎದ್ದು ಕಾಣುತ್ತದೆ. ಐದು ನಿಮಿಷ ನಿಲ್ಲಿ.

ಕೋಟೆಯ ಬಾಗಿಲಲ್ಲಿ ಅವಸರ ಮಾಡಬೇಡಿ. ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಎರಡು ಹುಲಿಗಳನ್ನು ನೋಡಿ. ಅಲ್ಲೇ ಕಂದಕವೂ ಸಿಗುತ್ತದೆ. ಕಂದಕ ಎಂದರೆ ಕೋಟೆ ಸುತ್ತಲಿನ ಆಳದ ಅಗಳು. ಇಲ್ಲಿಯದು ಮಣ್ಣು ಅಗೆದದ್ದಲ್ಲ, ನೆಲದ ಬಂಡೆಯನ್ನೇ ಕಡಿದು ಮಾಡಿದ್ದು. ಒಂದರ ಪಕ್ಕ ಒಂದು ಮೂರು ಸಾಲು, ನಡುವೆ ಕಡಿಯದೆ ಬಿಟ್ಟ ಬಂಡೆಯೇ ಗೋಡೆ. ಮಳೆಗಾಲದ ನಂತರ ಅದರಲ್ಲಿ ಹಸಿರು ತುಂಬಿರುತ್ತದೆ. ಬಗ್ಗಿ ನೋಡುವ ಆಸೆಯಾಗುತ್ತದೆ, ಆದರೆ ಅಂಚಿನ ಹುಲ್ಲಿನ ಕೆಳಗೆ ಕಲ್ಲಿದೆಯೋ ಬರೀ ಗಾಳಿಯಿದೆಯೋ ಗೊತ್ತಾಗುವುದಿಲ್ಲ. ಎರಡು ಹೆಜ್ಜೆ ಹಿಂದೆಯೇ ಇರಿ, ಮಕ್ಕಳಿದ್ದರೆ ಕೈ ಬಿಡಬೇಡಿ.

ಒಳಗೆ ಬಹಳ ಜನ ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿ ನೋಡಿ ಫೋಟೋ ತೆಗೆದು ವಾಪಸ್ ಬರುತ್ತಾರೆ. ಅವು ನೋಡಲೇಬೇಕಾದವು. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಬೇರೆಲ್ಲೂ ಸುಲಭಕ್ಕೆ ಸಿಗದು. ಬಾಗಿಲಿಗೆ ಬೀಗ ಇದ್ದರೆ ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಆದರೆ ನಿಮಗೆ ಬೇಕಾದ ನೋಟ ಇನ್ನೂ ಮುಂದಿದೆ. ಅರಮನೆಗಳನ್ನು ದಾಟಿ ಗೋಡೆಯ ಕಡೆಗೆ ನಡೆಯುತ್ತ ಹೋಗಿ. ಜನ ಕಡಿಮೆಯಾಗುತ್ತಾರೆ, ಸೀತಾಫಲದ ಪೊದೆಗಳು ಶುರುವಾಗುತ್ತವೆ, ಗೋಡೆ ಸಿಗುತ್ತದೆ. ಅಲ್ಲಿಂದಾಚೆ ನೆಲ ಕೆಳಗಿಳಿದು ಬಿಟ್ಟಿರುತ್ತದೆ. ಕಣ್ಣು ಹಾಯುವಷ್ಟು ದೂರ ಹೊಲಗಳ ತುಂಡು ತುಂಡು, ನಡುವೆ ಕೆರೆಯ ಹೊಳಪು. ಬುರ್ಜ್ ಎಂದರೆ ಗೋಡೆಯಿಂದ ಮುಂದೆ ಚಾಚಿದ ಕೊತ್ತಲ. ಹಳೇ ಫಿರಂಗಿಗಳು ಇನ್ನೂ ಕೂತಿರುವ ಇಂಥ ಕೊತ್ತಲಗಳಿಂದ ನೋಟ ಎಲ್ಲಕ್ಕಿಂತ ಅಗಲ.

ಇಲ್ಲಿ ಗಮನಿಸಬೇಕಾದ್ದು:

ಹೆಜ್ಜೇನು. ಹಳೇ ಕಮಾನು, ಗುಮ್ಮಟದ ಕೆಳಗೆ ದೊಡ್ಡ ಗೂಡು ಕಟ್ಟಿರುತ್ತವೆ. ತಲೆ ಎತ್ತಿ ನೋಡಿ ಆಮೇಲೆ ಒಳಗೆ ಕಾಲಿಡಿ. ಸೆಂಟು, ಹೊಗೆ, ಕಿರುಚಾಟ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಿ, ಕೈ ಬೀಸಬೇಡಿ.

ಹಾವು. ಬಿಸಿಲು ಕಾಯಿಸಲು ಕಲ್ಲಿನ ಮೇಲೆ ಬಂದಿರುತ್ತವೆ. ಕಾಣದ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಹುಡುಕುವುದು ಏನೂ ಬೇಡ. ಅಲುಗಾಡದೆ ಇದ್ದು 108ಕ್ಕೆ ಫೋನ್ ಮಾಡಿ, ಸೀದಾ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಡ್ರೋನ್ ತರಲೇಬೇಡಿ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ಜೊತೆಗೆ ಇವೆಲ್ಲ ಸಂರಕ್ಷಿತ ಸ್ಮಾರಕಗಳು. ವಾಯುನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸುವುದೂ ಬೇಡ. ತಲೆ ಮೇಲೆ ವಿಮಾನ ಸದ್ದು ಮಾಡುತ್ತ ತಿರುಗಿದರೆ ಗಾಬರಿಯಾಗಬೇಡಿ, ತರಬೇತಿ ನಡೆಯುತ್ತಿರುತ್ತದೆ. ವಿಮಾನ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ಊರೂ ಇದೇ.

ಕೋಟೆಯನ್ನು ಕತ್ತಲಾಗುವ ಮುಂಚೆ ಮುಚ್ಚುತ್ತಾರೆ. ಬೆಳಿಗ್ಗೆ ಬಾಗಿಲು ಎಷ್ಟಕ್ಕೆ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ನಿಧಾನಕ್ಕೆ ನೋಡಲು ಮೂರು ಗಂಟೆ ಇಟ್ಟುಕೊಳ್ಳಿ.

4. ಎರಡನೇ ನಡಿಗೆ: ಚೌಖಂಡಿ ಮತ್ತು ಅಷ್ಟೂರು

ಒಂದೇ ನಡಿಗೆಗೆ ಹೊತ್ತಿದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಹಳೇ ಊರಿನಿಂದ ಪೂರ್ವಕ್ಕೆ ಸುಮಾರು 3 ಕಿ.ಮೀ. ಹೋಗುವಾಗ ಇಳಿಜಾರು, ಬರುವಾಗ ಏರು. ಆಟೋದವರಿಗೆ "ಅಷ್ಟೂರ್ ಗುಂಬಜ್" ಅಂದರೆ ಸಾಕು, ಗುಂಬಜ್ ಎಂದರೆ ಗುಮ್ಮಟವಿರುವ ಸಮಾಧಿ. ಹೋಗುವಾಗ ನಡೆದು, ಬರುವಾಗ ಆಟೋದಲ್ಲಿ ಬರುವುದು ಒಳ್ಳೇದು. ಅಲ್ಲಿ ವಾಪಸ್ ಬರಲು ಗಾಡಿ ಯಾವಾಗಲೂ ಸಿಗುವುದಿಲ್ಲ, ಆದ್ದರಿಂದ ಇಷ್ಟು ಹೊತ್ತಿಗೆ ಬನ್ನಿ ಎಂದು ಮೊದಲೇ ಮಾತಾಡಿ, ದುಡ್ಡೂ ಗೊತ್ತು ಮಾಡಿಕೊಂಡಿರಿ.

ಬೆಳಿಗ್ಗೆ ಏಳಕ್ಕೆ ಹೊರಡಿ. ಇಳಿಯುತ್ತ ನೆಲದ ಮೇಲೆ ಕಣ್ಣಿಡಿ. ಊರಿನಲ್ಲಿ ಕೆಂಪಗಿದ್ದ ಮಣ್ಣು ಕೆಳಗಿನ ಹೊಲಗಳಲ್ಲಿ ಕಪ್ಪಾಗಿರುತ್ತದೆ. ಮೇಲೆ ಜಂಬಿಟ್ಟಿಗೆ, ಕೆಳಗೆ ಎರೆಭೂಮಿ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಎರೆ ಹೊಲಕ್ಕೆ ಕಾಲಿಡಲೇಬೇಡಿ, ಆ ಮಣ್ಣು ಬೂಟಿಗೆ ಮೆತ್ತಿಕೊಂಡರೆ ಹೆಜ್ಜೆ ಎತ್ತಲು ಆಗುವುದಿಲ್ಲ. ಮಳೆ ಇಲ್ಲದಿದ್ದರೂ ಹೊಲದೊಳಗೆ ಇಳಿಯಬೇಡಿ, ಬೆಳೆ ನಿಂತಿರುತ್ತದೆ. ಬದುವಿನ ಮೇಲೆ ನಡೆಯಬೇಕಾದರೂ ಹೊಲದವರನ್ನು ಕೇಳಿ ನಡೆಯಿರಿ. "ಅಣ್ಣಾ, ಈ ಕಡೆಯಿಂದ ಹೋಗಬಹುದಾ?" ಅಂದರೆ ಬೇಡ ಅನ್ನುವವರು ಕಡಿಮೆ.

ದಾರಿಯಲ್ಲಿ ಚೌಖಂಡಿ ಸಿಗುತ್ತದೆ. ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಸಮಾಧಿ. ಎಂಟು ಮೂಲೆಯ ಕಟ್ಟಡ, ಮೆಟ್ಟಿಲು ಹತ್ತಿ ಹೋಗಬೇಕು. ಒಳಬಾಗಿಲಿನ ಕಪ್ಪು ಕಲ್ಲಿನ ಮೇಲೆ ಕೆತ್ತಿದ ಅಕ್ಷರಗಳು ಎಷ್ಟು ನಯ ಅಂದರೆ ಹತ್ತಿರ ಹೋದಷ್ಟೂ ನೋಡಬೇಕು ಅನಿಸುತ್ತದೆ. ನೋಡಿ ಮುಗಿದ ಮೇಲೆ ಹೊರಗೆ ಬಂದು ಮೆಟ್ಟಿಲ ತುದಿಯಲ್ಲಿ ನಿಂತು ಅಷ್ಟೂರಿನ ಕಡೆ ತಿರುಗಿ. ಹೊಲಗಳಾಚೆ ಗುಮ್ಮಟಗಳ ಸಾಲು ಕಾಣುತ್ತದೆ. ಚಳಿಗಾಲದ ಬೆಳಿಗ್ಗೆ ತಗ್ಗಿನಲ್ಲಿ ಮಂಜು ಕೂತಿದ್ದರೆ ಗುಮ್ಮಟ ಮಾತ್ರ ಮೇಲೆ ತೇಲಿದ ಹಾಗಿರುತ್ತದೆ. ನನ್ನ ಪ್ರಕಾರ ಬೀದರಿನ ಅತಿ ಚಂದದ ನೋಟ ಇದೇ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಸಮಾಧಿಗಳಿವೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಅವನ ಗುಂಬಜಿನ ಒಳಗೆ ಕತ್ತಲು. ಹೊರಗಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ಅಲ್ಲೇ ತಿರುಗಿ ಬರಬೇಡಿ. ನೋಡಿಕೊಳ್ಳುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಬೆಳಕಿನ ಒಂದು ತುಂಡು ಗೋಡೆ ಹತ್ತಿ ಗುಮ್ಮಟದ ಒಳಮೈಗೆ ಹೋಗುತ್ತದೆ, ಹೋದಲ್ಲೆಲ್ಲ ಕೆಂಪು, ನೀಲಿ, ಬಂಗಾರದ ಬಳ್ಳಿ ಮತ್ತು ಬರಹ ಒಂದು ಕ್ಷಣ ಎದ್ದು ಮತ್ತೆ ಕತ್ತಲಾಗುತ್ತದೆ. ಸುಮಾರು ಆರುನೂರು ವರ್ಷದ ಬಣ್ಣ. ಇದಕ್ಕೆ ಒಳ್ಳೇ ಬಿಸಿಲು ಬೇಕು, ಅದಕ್ಕೇ ಒಂಬತ್ತರ ಸುಮಾರಿಗೆ ಇಲ್ಲಿರುವ ಹಾಗೆ ಲೆಕ್ಕ ಹಾಕಿ. ಮೋಡ ಕವಿದ ದಿನ ಬಂದರೆ ಈ ಭಾಗ ತಪ್ಪಿತು ಅಂತಲೇ. ಫ್ಲ್ಯಾಶ್ ಹಾಕಬೇಡಿ, ಗೋಡೆ ಮುಟ್ಟಬೇಡಿ. ತೋರಿಸಿದವರ ಕೈಗೆ ಏನಾದರೂ ಕೊಡಿ.

ಇದು ಈಗಲೂ ಜನ ನಡೆದುಕೊಳ್ಳುವ ಜಾಗ. ಮುಸ್ಲಿಮರು ಬರುತ್ತಾರೆ, ಅಹಮದ್ ಶಾನನ್ನು ಅಲ್ಲಮಪ್ರಭು ಎಂದು ನಂಬಿ ಲಿಂಗಾಯತರೂ ಬರುತ್ತಾರೆ. ಬೂಟು ಹೊರಗೆ ಬಿಡಿ, ಒಳಗೆ ದನಿ ತಗ್ಗಿಸಿ.

ಪಕ್ಕದಲ್ಲೇ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಶಾ ಸಮಾಧಿ, ಅರ್ಧ ಗುಮ್ಮಟ ಕಳಚಿ ಬಿದ್ದಿದೆ. ಸಿಡಿಲು ಹೊಡೆದದ್ದು ಎನ್ನುತ್ತಾರೆ. ಗುಮ್ಮಟದ ಗೋಡೆ ಎಷ್ಟು ದಪ್ಪ, ಇಟ್ಟಿಗೆ ಹೇಗೆ ಜೋಡಿಸಿದ್ದಾರೆ ಎಂದು ನೋಡಲು ಇಷ್ಟು ಚೆನ್ನಾದ ಜಾಗ ಇನ್ನೊಂದಿಲ್ಲ. ಬಿದ್ದ ಕಲ್ಲುಗಳ ಮೇಲೆ ಹತ್ತಬೇಡಿ.

5. ಮೂರನೇ ನಡಿಗೆ: ಝರಗಳು

ಇಲ್ಲಿ ಝರ ಅಥವಾ ಝಿರಾ ಅಂದರೆ ನೆಲದೊಳಗಿಂದ ತಾನಾಗಿ ಹರಿದು ಬರುವ ನೀರು. ಬೀದರಿನಲ್ಲಿ ಇವು ಇಷ್ಟೊಂದು ಯಾಕೆ ಅಂತ ತಿಳಿದುಕೊಂಡರೆ ಊರು ಪೂರ್ತಿ ಅರ್ಥವಾಗುತ್ತದೆ. ಮೇಲಿನ ಜಂಬಿಟ್ಟಿಗೆ ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗೆ ಜೇಡಿ, ಅದರ ಕೆಳಗೆ ಗಟ್ಟಿ ಕರಿಕಲ್ಲು. ಅಲ್ಲಿಗೆ ಬಂದ ನೀರು ಇನ್ನು ಇಳಿಯಲಾಗದೆ ಅಡ್ಡಕ್ಕೆ ಹರಿಯುತ್ತದೆ, ದಿಬ್ಬದ ಅಂಚಿನಲ್ಲಿ ಹೊರಗೆ ಬರುತ್ತದೆ. ನೋಟವೂ ನೀರೂ ಎರಡೂ ಸಿಗುವುದು ಅಂಚಿನಲ್ಲೇ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಒಳಗೆ ಸಂಗ್ರಹ ಚೆನ್ನಾಗಿರುತ್ತದೆ.

ಪಾಪನಾಶದಿಂದ ಶುರು ಮಾಡಿ. ತಗ್ಗಿನಲ್ಲಿ ಶಿವನ ಗುಡಿ, ಪಕ್ಕದಲ್ಲಿ ನೀರು, ಸುತ್ತ ಗಿಡಮರ. ಅಲ್ಲಿಂದ ಗುರುನಾನಕ್ ಝಿರಾಕ್ಕೆ ಹೋಗಿ. ನೀರಿಗೆ ಬರಗಾಲವಿದ್ದಾಗ ಗುರುನಾನಕರು ಇಲ್ಲಿ ಬಂದಿದ್ದರು, ಅವರಿಂದ ಈ ಚಿಲುಮೆ ಹುಟ್ಟಿತು ಎಂಬ ನಂಬಿಕೆ. ಈಗಿನ ಗುರುದ್ವಾರ 1948ರದ್ದು. ತಲೆಗೆ ಬಟ್ಟೆ ಇಲ್ಲದೆ ಒಳಗೆ ಹೋಗುವಂತಿಲ್ಲ, ಕರ್ಚೀಫು ತನ್ನಿ ಅಂದದ್ದು ಇದಕ್ಕೆ. ಲಂಗರ್ ಅಂದರೆ ಎಲ್ಲರಿಗೂ ಹಾಕುವ ಊಟ, ಯಾರು ಬೇಕಾದರೂ ಕೂತು ಉಣ್ಣಬಹುದು. ತಟ್ಟೆಯಲ್ಲಿ ಬಿಡಬೇಡಿ.

ನರಸಿಂಹ ಝರಣಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸುಮ್ನೆ ಗುಡಿ ಎಂದುಕೊಂಡು ಬಂದವರು ತಬ್ಬಿಬ್ಬಾಗುತ್ತಾರೆ. ದೇವರು ಸುಮಾರು 300 ಮೀಟರ್ ಉದ್ದದ ಗುಹೆಯ ಕೊನೆಯಲ್ಲಿದ್ದಾನೆ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು, ತಲೆ ಮೇಲೆ ಬಾವಲಿಗಳು. ಬದಲಿ ಬಟ್ಟೆ ಬೇಕು, ಫೋನು ಹೊರಗೆ ಬಿಡಬೇಕು. ಆಸ್ತಮಾ ಇರುವವರು, ಇಕ್ಕಟ್ಟಿಗೆ ಹೆದರುವವರು, ಚಿಕ್ಕ ಮಕ್ಕಳು ಹೊರಗಿನಿಂದಲೇ ಕೈ ಮುಗಿಯುವುದು ಕ್ಷೇಮ. ಹಬ್ಬ, ರಜೆ, ಶನಿವಾರ ಜನ ಜಾಸ್ತಿ, ಒಳಗೆ ಗಾಳಿ ಕಡಿಮೆಯಾಗುತ್ತದೆ. ಕೆಲವೊಮ್ಮೆ ಪ್ರವೇಶ ನಿಲ್ಲಿಸಿರುತ್ತಾರೆ, ಹೋಗುವ ಮುಂಚೆ ಕೇಳಿ.

ನೌಬಾದಿನ ಕರೇಜ್ ಕೂಡ ಇದೇ ಸಾಲಿಗೆ ಸೇರಿದ್ದು. ಜನ ಸುರಂಗ ಬಾವಿ ಎನ್ನುತ್ತಾರೆ. ನೆಲದಡಿ ಕಾಲುವೆ ಕೊರೆದು ನೀರನ್ನು ದೂರಕ್ಕೆ ಹರಿಸುವ, ಪರ್ಷಿಯಾ ಕಡೆಯಿಂದ ಬಂದ ವಿದ್ಯೆ, ಬಹಮನಿ ಕಾಲದ್ದು. ಮೇಲಿನಿಂದ ಗಾಳಿ ಬೆಳಕಿಗೆ ತೋಡಿದ ಬಾವಿಗಳನ್ನು ಒಂದರಿಂದ ಒಂದಕ್ಕೆ ಹುಡುಕುತ್ತ ನಡೆಯುವುದೇ ಇಲ್ಲಿನ ಸಂತೋಷ. ಬಾವಿಯ ಬಾಯಿಗೆ ಬಗ್ಗಬೇಡಿ, ತಿಳಿದವರಿಲ್ಲದೆ ಒಳಗೆ ಇಳಿಯಬೇಡಿ, ಕತ್ತಲಾದ ಮೇಲೆ ಆ ಕಡೆ ಅಲೆಯಲೇಬೇಡಿ.

6. ಸಂಜೆಗೆ: ಬರೀದ್ ಶಾಹಿ ಗುಂಬಜ್

ಊರಿನ ಪಶ್ಚಿಮಕ್ಕೆ, ಉದಗೀರ್ ರಸ್ತೆಯಲ್ಲಿ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದನ ಸಮಾಧಿಗೆ ನಾಲ್ಕೂ ಕಡೆ ಗೋಡೆಯ ಬದಲು ತೆರೆದ ಕಮಾನು, ಹಾಗಾಗಿ ಇಳಿಬಿಸಿಲು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ. ಐದಕ್ಕೆಲ್ಲ ಅಲ್ಲಿರಿ. ವಯಸ್ಸಾದವರನ್ನು ಕರೆತರಲು ಇದು ಅತ್ಯಂತ ಸುಲಭದ ಜಾಗ, ಸಪಾಟು ನೆಲ, ಕೂರಲು ಹುಲ್ಲು. ಮುಗಿಸಿ ಊರೊಳಗೆ ಬಂದರೆ ಮಿರ್ಚಿ, ಸುಸಲಾ (ಮಂಡಕ್ಕಿ ಒಗ್ಗರಣೆ) ಸಿಗುತ್ತದೆ. ಬುಟ್ಟಿಯಲ್ಲಿ ಸೀತಾಫಲ ಮಾರುವವರು ಕಂಡರೆ ಬಿಡಬೇಡಿ. ಕಣ್ಣುಗಳ ನಡುವಿನ ಗೆರೆ ಬೆಳ್ಳಗೆ ಬಿರಿದದ್ದು ನೋಡಿ ತೆಗೆದುಕೊಳ್ಳಿ, ಒಂದೆರಡು ದಿನದಲ್ಲಿ ಹಣ್ಣಾಗುತ್ತದೆ.

7. ಇನ್ನೊಂದು ದಿನ ಇದ್ದರೆ

ಹೊನ್ನಿಕೇರಿ ಕಡೆ ಕಾಡು, ಹುಲ್ಲುಗಾವಲು ಇದೆ. ಆ ಬಯಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಬೆಳಿಗ್ಗೆ ಸದ್ದಿಲ್ಲದೆ ದಾರಿಯಲ್ಲೇ ನಿಂತು ನೋಡಿ. ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವುದು ಅಪರಾಧ, ಜೊತೆಗೆ ಆ ಪ್ರಾಣಿಗಳಿಗೆ ಹಿಂಸೆ. ಒಣ ಹುಲ್ಲಿನಲ್ಲಿ ಬೀಡಿ, ಬೆಂಕಿ ಬೇಡವೇ ಬೇಡ.

ಇನ್ನೂ ದೂರ ಹೋಗುವ ಮನಸ್ಸಿದ್ದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ. 2011ರಲ್ಲಿ ಘೋಷಣೆಯಾದದ್ದು, ಒಣಸೀಮೆ ಎನ್ನುವ ಈ ಭಾಗದಲ್ಲಿ ಇಷ್ಟು ದಟ್ಟ ಕಾಡು ನೋಡಿ ಹೊರಗಿನವರು ಅಚ್ಚರಿಪಡುತ್ತಾರೆ. ಚಂದ್ರಂಪಳ್ಳಿ ಜಲಾಶಯದ ದಡದಿಂದ ನೀರೂ ಗುಡ್ಡವೂ ಒಟ್ಟಿಗೆ ಕಾಣುತ್ತವೆ. ಒಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಿಂದಿನ ದಿನವೇ ವಿಚಾರಿಸಿ. ಸ್ವಂತ ಗಾಡಿ ಇಟ್ಟುಕೊಳ್ಳಿ, ಊಟ ಕಟ್ಟಿಕೊಂಡು ಹೋಗಿ, ಒಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಎಷ್ಟಕ್ಕೆ ವಾಪಸ್ ಬರುತ್ತೀರಿ ಎಂದು ಉಳಿದುಕೊಂಡ ಕಡೆ ಯಾರಿಗಾದರೂ ಹೇಳಿ ಹೊರಡಿ, ನಾಲ್ಕರ ಹೊತ್ತಿಗೆ ಕಾಡಿನಿಂದ ಹೊರಗೆ ಬಂದುಬಿಡಿ.